ಕುಬಸದ ದಿನ ಬಾತ ಎಡಗಾಲು

ಹೋದ ವರ್ಷ ಲಕ್ಷ್ಮೇಶ್ವರದ ಗಂಡನ ಮನೆಯಲ್ಲಿ ನನ್ನ ಕುಬಸ, ಅಂದರೆ ಸೀಮಂತ, ಇತ್ತು. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ, ತಲೆಗೆ ಹೂವಿನ ದಂಡೆ, ನನ್ನ ಗತ್ತು ಕೇಳಬೇಡಿ! ಹರ್ತಿಯಿಂದ ತವರಿನವರು ಬುತ್ತಿ ಕಟ್ಟಿಕೊಂಡು ಟಂಟಂ ಗಾಡಿ ತುಂಬ ಬಂದಿದ್ದರು. ಆದರೆ ಬೆಳಗಿನಿಂದ ಎಡಗಾಲು ಜಗ್ಗುತ್ತಿತ್ತು. ಉಡಿ ತುಂಬಿಸಿಕೊಂಡು ಏಳುವಷ್ಟರಲ್ಲಿ ಮೀನಖಂಡ ಬಾತು ಕೆಂಪಾಗಿತ್ತು.

ಬಸುರಿಯ ಕಾಲು ಬಾಯುವುದು ಹೊಸದೇನಲ್ಲ ಎಂದರು ಎಲ್ಲರೂ. ನನ್ನ ನಾದಿನಿ, ಪಾಪ, ಬಿಸಿ ಎಣ್ಣೆ ತಂದು ತಿಕ್ಕಲು ಕುಳಿತೇಬಿಟ್ಟಳು. ಅಷ್ಟರಲ್ಲಿ ಅಪ್ಪನ ತಂಗಿ ಗಂಗವ್ವತ್ತೆ ಊಟ ಅರ್ಧಕ್ಕೇ ಬಿಟ್ಟು, ಎಂಜಲ ಕೈಯಲ್ಲೇ ಓಡಿಬಂದು ಬಟ್ಟಲು ಕಸಿದುಕೊಂಡಳು.

"ಮುಟ್ಟಬ್ಯಾಡ್ರಿ. ಒಂದ ಕಾಲ ಬಾತೈತಿ ನೋಡ್ರಿ. ನಮ್ಮವ್ವಗೂ ಬಾಣಂತನದಾಗ ಹಿಂಗ ಆಗಿತ್ತಂತ. ಎಣ್ಣಿ ತಿಕ್ಕಿದ್ರಂತ, ಉಸುರ ಕಟ್ಟಿ ಹೋದ್ಲಂತ. ಜಲ್ದಿ ಗಾಡಿ ತಗೀರಿ."

ಶುಭಕಾರ್ಯದಲ್ಲಿ ಎಂಥ ಮಾತು ಎಂದು ಹೆಂಗಸರು ಸಿಡುಕಿದರು. ಗಂಗವ್ವತ್ತೆ ಕಿವಿಗೇ ಹಾಕಿಕೊಳ್ಳಲಿಲ್ಲ. ದಂಡೆ ಸಮೇತ ನನ್ನನ್ನು ಗದಗಿಗೆ ಹೊರಡಿಸಿದಳು. ಒಳಗೆ ಕೂಸು ಒದೆಯುತ್ತಿತ್ತು, ನಾನು ಜೀವ ಕೈಯಲ್ಲಿ ಹಿಡಿದು ಕುಳಿತಿದ್ದೆ.

ಸ್ಕ್ಯಾನ್ ಮಾಡಿದ ಡಾಕ್ಟರಮ್ಮ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ತಿಕ್ಕಿದ್ದರೆ ತುಣುಕು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದಿತ್ತು ಎಂದರು. ಅಬ್ಬಾ! ಅಂದೇ ಹೊಟ್ಟೆಗೆ ಹೆಪ್ಪು ತಡೆಯುವ ಇಂಜೆಕ್ಷನ್ ಶುರುವಾಯಿತು. ಮನೆತನದ ಕಥೆ ಕೇಳಿ ನನ್ನ, ಅಪ್ಪನ, ಗಂಗವ್ವತ್ತೆಯ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ವರದಿ ಬಂದಾಗ ನೋಡಿದರೆ ಮೂವರಲ್ಲೂ ಒಂದೇ ಜೀನ್, ಒಂದೇ ಬದಲಾವಣೆ! ರಕ್ತ ಬೇಗ ಹೆಪ್ಪುಗಟ್ಟುವ ಈ ಗುಣ ತಂದೆಯಿಂದಲೋ ತಾಯಿಯಿಂದಲೋ ಮಕ್ಕಳಿಗೆ ಬರುತ್ತದಂತೆ. ಬಸುರು, ಬಾಣಂತನದಲ್ಲಿ ಅಪಾಯ ಹೆಚ್ಚಂತೆ. ನನ್ನ ಅಜ್ಜಿಗೂ ಇದೇ ಇದ್ದಿರಬೇಕು ಎಂದು ಬಿಡಿಸಿ ಹೇಳಿದರು.

ಅಜ್ಜಿ ತೀರಿಕೊಂಡದ್ದು ಗಂಗವ್ವತ್ತೆಯನ್ನು ಹಡೆದ ವಾರದಲ್ಲಿ. ತಾಯಿಯನ್ನು ನುಂಗಿ ಹುಟ್ಟಿದವಳು ಎಂದು ಓಣಿಯವರು ಆಕೆಯನ್ನು ಜೀವಮಾನವಿಡೀ ಆಡಿಕೊಂಡಿದ್ದರು. ಈಗ ಅತ್ತೆ ಡಾಕ್ಟರಮ್ಮನ ಮೇಜು ಹಿಡಿದು ಎದ್ದುನಿಂತಳು.

"ಅಂದ್ರ ನಾ ಹುಟ್ಟೂಕಿಂತ ಮೊದಲ ಇದು ಆಕಿ ರಕ್ತದಾಗ ಇತ್ತೇನ್ರಿ?"

"ಹೌದವ್ವ, ಅವರು ಹುಟ್ಟಿದಾಗಿಂದ ಇದ್ದಿರಬೇಕ್ರಿ. ನಿಮ್ಮ ತಪ್ಪೇನೂ ಇಲ್ಲ."

ಅತ್ತೆ ಅಲ್ಲೇ ಬಿಕ್ಕಿಬಿಕ್ಕಿ ಅತ್ತಳು.

ನನಗೆ ಹೆಣ್ಣುಮಗು ಸುಖವಾಗಿ ಹುಟ್ಟಿತು. ನಾನು ಹರ್ತಿಗೆ ಹೋದಾಗ ಅತ್ತೆ ಕೂಸನ್ನು ಎತ್ತಿಕೊಂಡು ಓಣಿಯ ಒಂದು ಮನೆಯನ್ನೂ ಬಿಡದೆ ಹತ್ತಿಳಿದಳು. "ನಮ್ಮವ್ವನ್ನ ನಾ ನುಂಗಿಲ್ಲ, ಡಾಕ್ಟರ್ ಹೇಳ್ಯಾರ" ಎಂದು ಎಲ್ಲರಿಗೂ ಖಬರ ಮುಟ್ಟಿಸಿದಳು. ಆಕೆಯ ಹಿಂದೆ ಹಿಂದೆ ನಡೆದ ನನಗೆ ಎಷ್ಟು ಹೆಮ್ಮೆ ಅಂತೀರಿ! ನನ್ನ ಜೀವ ಉಳಿದ ಖುಷಿಗಿಂತ ಆ ಖುಷಿಯೇ ಇಂದಿಗೂ ಒಂದು ಕೈ ಮೇಲು.