ನಾಗವೇಣಕ್ಕನ ಎರಡು ಮೂಗುತಿ

ನಾಗವೇಣಕ್ಕ ಮೂಗುತಿ ಹಾಕುತ್ತಿರಲಿಲ್ಲ. ಆದರೂ ಮಧ್ಯಾಹ್ನದ ಹೊತ್ತಿಗೆ ಅವಳ ಮೂಗಿನ ಎರಡೂ ಬದಿ ಮಿಂಚುತ್ತಿತ್ತು. ಅದು ಮೀನಿನ ಹುರುಪೆ. ಮೀನು ಕೊಯ್ದ ಕೈಯಲ್ಲೇ ಮೂಗು ಹಿಡಿದು ಕೂರುತ್ತಿದ್ದಳು. ಒಂದು ಹೊಳ್ಳೆ ಮುಚ್ಚಿ ಇನ್ನೊಂದರಲ್ಲಿ ಉಸಿರು ಎಳೆಯುವುದು, ಅದನ್ನು ಮುಚ್ಚಿ ಇದರಲ್ಲಿ ಬಿಡುವುದು.

ನಾನು ಹೊನ್ನಾವರ ಬಂದರದಿಂದ ಕುಮಟಾ ಮಾರ್ಕೆಟ್ಟಿಗೆ ಟೆಂಪೋದಲ್ಲಿ ಮೀನು ತರುವವ. ಮೊದಲ ದಿನ, ಅಲ್ಲಿ ಮೀನು ಮಾರಲು ಕೂತ ಅವಳ ಮುಂದೆ ಬಂಗಡೆ ಬುಟ್ಟಿ ಇಳಿಸಿದೆ. ಅವಳು ಮೂಗು ಮುಚ್ಚಿದಳು. ನನಗೆ ಪಿತ್ತ ನೆತ್ತಿಗೇರಿತು.

"ಎಂತ? ನನ್ನ ಮೀನು ನಾರ್ತದ್ಯಾ?"

ಕೈ ಎತ್ತಿ ತಡೆದಳು. ಉಸಿರು ಮುಗಿಸಿಯೇ ಬಾಯಿ ಬಿಟ್ಟಳು.

"ಮೀನು ಚಲೋ ಅದೆ, ತಮಾ. ನಂಗೆ ಬಿಪಿ. ಗುಳಿಗೆ ಜೊತಿಗೆ ಇದ್ನೂ ಮಾಡು ಅಂದ್ರು ನರ್ಸ್ ಬಾಯಿ. ಸಿಟ್ಟು ಬಂದ್ರೆ ಬಾಯಿ ಮುಚ್ಚೂಕೆ ನಂಗೆ ಆಗೂದಿಲ್ಲ. ಮೂಗಾದ್ರೂ ಮುಚ್ತೆ."

ಸಿಟ್ಟಿನ ಹೆಂಗಸು ಹೌದು. ಚೌಕಾಸಿ ಮಾಡಿದವರಿಗೆ, "ಸಮುದ್ರ ಅಲ್ಲೇ ಅದೆ, ನೀವೇ ಹಿಡ್ಕಂಡು ಬನ್ನಿ" ಅನ್ನುವಳು. ಆಮೇಲೆ ಮೂಗು ಹಿಡಿಯುವಳು. ಆಗ ಗಿರಾಕಿ ಎಷ್ಟು ಕರೆದರೂ ಉತ್ತರ ಇಲ್ಲ.

ಒಂದು ದಿನ ಚೀಲ ಹಿಡಿದವನೊಬ್ಬ ಕೂಗಿದ, "ಮಾರೂವವಳೇ ಮೂಗು ಮುಚ್ಕಂಡ್ರೆ ತಿನ್ನೂವವ ಎಂತ ಮುಚ್ಕಳೂದು?" ಎಲ್ಲರೂ ನಕ್ಕರು. ಆವತ್ತು ಅರ್ಧ ಬುಟ್ಟಿ ಉಳಿಯಿತು. ಮರುದಿನವೂ ಉಳಿಯಿತು.

"ಅಕ್ಕಾ, ಅದ್ನ ಮನೆಲಿ ಮಾಡು ಮಾರಾಯ್ತಿ. ವ್ಯಾಪಾರ ಹಾಳಾಗ್ತದೆ," ಎಂದೆ.

"ಮನೆಲಿ ಎಂತಕಾ? ಸಿಟ್ಟು ಬಪ್ಪೂದು ಇಲ್ಲಿ."

ಆದರೂ ಮೂಗು ಹಿಡಿಯುವುದು ಬಿಟ್ಟಳು. ಮೀನು ಖರ್ಚಾಯಿತು, ಜಗಳವೂ ಹೆಚ್ಚಾಯಿತು. ಎರಡು ತಿಂಗಳಾಗಿರಬೇಕು, ಯಾರಿಗೋ ಬೈಯುತ್ತಾ ಬೈಯುತ್ತಾ ಕುಸಿದಳು. ನನ್ನ ಟೆಂಪೋದಲ್ಲೇ ಆಸ್ಪತ್ರೆಗೆ ಒಯ್ದೆ. ದಾರಿಯಲ್ಲಿ ಅವಳ ಕೈ ಮೂಗಿನ ಹತ್ತಿರ ಹೋಗಿ ನಿಂತಿತು.

"ತಮಾ, ಯಾವ ಬದಿ ಮೊದ್ಲು?"

ವರ್ಷಗಟ್ಟಲೆ ನೋಡಿದ್ದೆ. ಗೊತ್ತಿರಲಿಲ್ಲ.

"ಯಾವ್ದಾದ್ರೂ ಒಂದು ಹಿಡಿ ಅಕ್ಕಾ," ಎಂದೆ.

ಮೂರನೇ ದಿನ ತೀರಿಹೋದಳು. ಗುಳಿಗೆ ಬಿಟ್ಟಿದ್ದಳಂತೆ. ಮೂಗಿಗೂ ಇದಕ್ಕೂ ಸಂಬಂಧ ಇಲ್ಲ ಎಂದರು ಡಾಕ್ಟರು. ಆತು, ಒಪ್ಪಿದೆ. ಆದರೆ ಗುಳಿಗೆ ಯಾಕೆ ಬಿಟ್ಟಳು? ನಾನು ಒಂದನ್ನು ಬಿಡು ಅಂದಿದ್ದಕ್ಕೆ ಎರಡನ್ನೂ ಬಿಟ್ಟಳಾ? ಕೇಳೋಣ ಅಂದರೆ ಅವಳಿಲ್ಲ.

ಈಗ ಬುಟ್ಟಿ ಇಳಿಸಿದ ಮೇಲೆ ಟೆಂಪೋದಲ್ಲಿ ಕೂತು ನಾನೇ ಮೂಗು ಹಿಡಿಯುತ್ತೇನೆ. ಎಡ ಮುಚ್ಚಿದರೆ ಮೊದಲು ಬಲ ಮುಚ್ಚಬೇಕಿತ್ತು ಅನಿಸುತ್ತದೆ, ಬಲ ಮುಚ್ಚಿದರೆ ಎಡ. ಕನ್ನಡಿ ನೋಡಿದರೆ ಹುರುಪೆ ಮಾತ್ರ ಎರಡೂ ಬದಿ ಅಂಟಿರುತ್ತದೆ.