ಗಂಡನ ಹೆಸರಿನ ಕಾಲಂ

ಚಂದ್ರಮೌಳಿ ತೊಂಬತ್ತರ ದಶಕವೆಲ್ಲ ಹೊಳೆನರಸೀಪುರದ ಒಂದು ಮರದಡಿ ಟೈಪ್‌ರೈಟರ್ ಕುಟ್ಟಿಕೊಂಡು, ಕಂಡವರ ಅರ್ಜಿ ಬರೆದುಕೊಟ್ಟು ಬದುಕಿದವನು. ಎರಡು ಸಾವಿರದ ಐದರಲ್ಲಿ ಪಿಂಚಣಿ ಅರ್ಜಿಗಳು ಕಂಪ್ಯೂಟರಿಗೆ ಬಂದಾಗ ಅವನನ್ನೇ ಗುತ್ತಿಗೆಯ ಮೇಲೆ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ ಕೂರಿಸಿದರು. ಸಂಬಳ ಅಷ್ಟಕ್ಕಷ್ಟೇ, ಆದರೆ ತಲೆಯ ಮೇಲೆ ಫ್ಯಾನಿತ್ತು.

ಅರ್ಜಿ ತುಂಬುವ ವೆಬ್‌ಸೈಟು ಮಾಡಿದ ಮಹಾನುಭಾವರು ಹಳ್ಳಿಯ ಹೆಂಗಸನ್ನು ಕಣ್ಣಾರೆ ಕಂಡವರಲ್ಲ. ವಿಧವಾ ವೇತನದ ಮೊದಲ ಪುಟದಲ್ಲೇ ಗಂಡನ ಹೆಸರು ತುಂಬಬೇಕು. ತುಂಬದಿದ್ದರೆ ಮುಂದಕ್ಕೆ ಬಿಡದು. ಸತ್ತ ಗಂಡನದಾದರೂ ಸರಿ, ಹೆಸರು ಹಿಡಿದು ಹೇಳುವವರು ಈ ಸೀಮೆಯಲ್ಲಿ ಎಲ್ಲಿದ್ದಾರೆ? ಹರದನಹಳ್ಳಿಯ ಸಣ್ಣಕ್ಕ ಒಬ್ಬಳೇ ಬಂದವಳು ಬಾಯಿಗೆ ಸೆರಗಿಟ್ಟು ನಿಂತುಬಿಟ್ಟಳು.

“ಅವ್ರ ಎಸ್ರ ನಾನೆಂಗ್ ಏಳ್ಲಿ ಸಾ? ಏಳು ಬೆಟ್ಟದ ಮ್ಯಾಲವ್ನಲ್ಲ, ಆ ಸ್ವಾಮಿ ಎಸ್ರೇಯ.”

“ವೆಂಕಟೇಶನಾ? ಶ್ರೀನಿವಾಸನಾ?” ಎಂದು ಇವನು ಕೇಳುತ್ತಿರುವಷ್ಟರಲ್ಲಿ ಹೊತ್ತು ಮೀರಿತೆಂದು ಪುಟ ತಾನಾಗಿ ಮುಚ್ಚಿಕೊಂಡಿತು. ಹಿಂದೆ ನಿಂತವರು ನಕ್ಕರು. ಕೊನೆಗೆ ಇವನು “ತಿಮ್ಮಪ್ಪನಾ?” ಎಂದಾಗ ಅವಳು ತಲೆಯಾಡಿಸಿದಳು. ಪಿಂಚಣಿ ಬಂತು. ಒಂಟಿ ಹೆಂಗಸಿನ ಒಲೆ ಹತ್ತುತ್ತಿದ್ದದ್ದು ಅದೊಂದರಿಂದಲೇ.

ಮೂರು ವರ್ಷದ ಮೇಲೆ ಬೆಂಗಳೂರಿನಿಂದ ಸುತ್ತೋಲೆ ಬಂತು: ವೆಬ್‌ಸೈಟನ್ನು ಜನಸ್ನೇಹಿ ಮಾಡುತ್ತೇವೆ, ಸಲಹೆ ಕೊಡಿ. ಉಳಿದವರು ಅದನ್ನು ಫೈಲಿಗೆ ಸೇರಿಸಿ ಕೈತೊಳೆದುಕೊಂಡರು. ಚಂದ್ರಮೌಳಿ ಎರಡು ಭಾನುವಾರ ಕೂತು ಹನ್ನೊಂದು ಪುಟ ಬರೆದ. ಅಕ್ಷರ ದೊಡ್ಡದಾಗಲಿ, ಪುಟ ಬೇಗ ಮುಚ್ಚದಿರಲಿ, ಗಂಡನ ಹೆಸರಿನ ಕಾಲಂ ತೆಗೆದುಹಾಕಿ, ಪಾಪ ಆ ಹೆಣ್ಣುಮಕ್ಕಳನ್ನು ಗೋಳುಹೊಯ್ದುಕೊಳ್ಳಬೇಡಿ.

ಹೊಸ ವೆಬ್‌ಸೈಟು ಬಂತು. ಮೇಲ್ಗಡೆ ನಗುವ ಅಜ್ಜಿಯ ಫೋಟೋ. ಅಕ್ಷರ ಮೊದಲಿನಷ್ಟೇ ಸಣ್ಣದು, ಪುಟವೂ ಮೊದಲಿನಂತೆಯೇ ಮುಚ್ಚಿಕೊಳ್ಳುತ್ತಿತ್ತು. ಹನ್ನೊಂದು ಪುಟದಲ್ಲಿ ಒಂದೇ ಒಂದು ಮಾತು ನಡೆದಿತ್ತು, ಕಾಲಂ ಹೋಗಿತ್ತು. ಅಷ್ಟಕ್ಕೇ ಹಿಗ್ಗಿ ಹೀರೇಕಾಯಾಗಿ, ಮನೆಯಲ್ಲಿ ಹೆಂಡತಿ ಗಂಗಾಂಬಿಕೆಯ ಮುಂದೆ ಎರಡು ಸಲ ಹೇಳಿಕೊಂಡ.

ಮೂರು ತಿಂಗಳಲ್ಲಿ ಸಣ್ಣಕ್ಕನ ಪಿಂಚಣಿ ನಿಂತಿತು. ಅವಳೂರಿನಲ್ಲಿ ಇನ್ನೊಬ್ಬ ಸಣ್ಣಕ್ಕ ಇದ್ದಳು, ಅವಳೂ ವಿಧವೆ, ಅದೇ ವಯಸ್ಸು. ಇಬ್ಬರಿಗೂ ಹುಟ್ಟಿದ ತಾರೀಖು ಗೊತ್ತಿಲ್ಲದೆ ಚಂದ್ರಮೌಳಿಯೇ ಜನವರಿ ಒಂದು ಎಂದು ಕುಟ್ಟಿದ್ದ. ಗಂಡಂದಿರ ಹೆಸರು ಅಳಿಸಿಹೋದ ಮೇಲೆ ಕಂಪ್ಯೂಟರಿಗೆ ಇಬ್ಬರೂ ಒಬ್ಬಳೇ. ಒಬ್ಬಳನ್ನು ಉಳಿಸಿ ಒಬ್ಬಳನ್ನು ಕಿತ್ತುಹಾಕಿತು. ಇವನು ಮೂರು ಸಲ ಬೆಂಗಳೂರಿಗೆ ಬರೆದ. ಮೂರು ಸಲವೂ ಒಂದೇ ಉತ್ತರ: ಒಬ್ಬರಿಗೆ ಎರಡು ಪಿಂಚಣಿ ಕೊಡಲು ಬರುವುದಿಲ್ಲ. ಉಪಕಾರ ಮಾಡಲು ಹೋಗಿ ಅವಳ ಅನ್ನಕ್ಕೆ ಕಲ್ಲು ಹಾಕಿದೆನಲ್ಲ ಎಂದು ತನ್ನನ್ನೇ ಬೈದುಕೊಂಡ.

ಸಣ್ಣಕ್ಕ ಮತ್ತೆ ಬಂದಳು. ಅವನು ನಡೆದದ್ದನ್ನೆಲ್ಲ ಹೇಳಿದ.

“ಅವಳ ಗಂಡ ಬ್ಯಾರೆ, ನನ್ ಗಂಡ ಬ್ಯಾರೆ ಕಣಪ್ಪ,” ಎಂದಳು. ಅತ್ತಿತ್ತ ನೋಡಿ ಕಿಟಕಿಗೆ ಬಾಗಿ, ಹುಟ್ಟಿದಾಗಿನಿಂದ ಆಡದ ಮಾತನ್ನು ಆಡಿದಳು. “ತಿಮ್ಮಪ್ಪ. ಅವ್ರ ಎಸ್ರು ತಿಮ್ಮಪ್ಪ. ಬರ್ಕೊ ಸಾ.”

ಪರದೆಯ ಮೇಲೆ ಅದನ್ನು ಬರೆಯಲು ಜಾಗವೇ ಇರಲಿಲ್ಲ. ಚಂದ್ರಮೌಳಿ ಒಂದು ಬಿಳಿ ಹಾಳೆ ತೆಗೆದು, ಅವಳಿಗೆ ಕಾಣುವಂತೆ, ದಪ್ಪ ಅಕ್ಷರದಲ್ಲಿ ಬರೆದುಕೊಂಡ.

“ಇನ್ನ ಬತ್ತದಲ್ವಾ ಸಾ?”

“ಬತ್ತದೆ ಕಣವ್ವ,” ಎಂದ.