ಎರಡೂ ಕಡೆ ಒಂದೇ ಎತ್ತರ

ಮಗಳಿಗೆ ರಬ್ಬರು ಹುಡುಕಲು ಹೋಗಿ ನನ್ನ ಹಳೆಯ ಜಾಮಿಟ್ರಿ ಬಾಕ್ಸನ್ನು ತಡಕಾಡಿದಾಗ, ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸಿನ ಚೂರೊಂದು ಕೈಗೆ ಬಂತು. ಸವೆದು ಉಗುರಿನಷ್ಟಾಗಿದೆ. ಮೂಸಿ ನೋಡಿದೆ. ಹೊಸ ಬಟ್ಟೆಯ ಗಂಜಿ ವಾಸನೆ ಇನ್ನೂ ಇದೆ ಅನ್ನಿಸಿತು... ಇರಲಾರದು, ಇಷ್ಟು ವರ್ಷದ ಮೇಲೆ.

ಆಗ ತುಮಕೂರು ರಸ್ತೆ ಅಗಲವಾಗುತ್ತಿತ್ತು. ನಾವು ಮಾಕಳಿಯ ಒಂದು ವಠಾರದಲ್ಲಿದ್ದೆವು, ನಾನು ಎಸ್ಸೆಸ್ಸೆಲ್ಸಿ. ಪಕ್ಕದ ಕೋಣೆಯಲ್ಲಿ ಕೊಪ್ಪಳದ ಕಡೆಯ ಗಂಡ ಹೆಂಡತಿ ಬಾಡಿಗೆಗಿದ್ದರು. ಗಂಡನಿಗೆ ಗಾರೆ ಕೆಲಸ, ನಾನು ಅಕ್ಕ ಎಂದು ಕರೆಯುತ್ತಿದ್ದ ಹೆಂಡತಿಗೆ ಪೀಣ್ಯದ ಗಾರ್ಮೆಂಟ್ಸ್. ಅವಳೂ ಎಸ್ಸೆಸ್ಸೆಲ್ಸಿಗೆ ಕಟ್ಟಿದ್ದಳು. ಗಣಿತವೊಂದೇ ಬಾಕಿ, ಎರಡು ಸಲ ಫೇಲಾಗಿತ್ತು. ಪಾಸಾದರೆ ಚೆಕಿಂಗ್ ವಿಭಾಗಕ್ಕೆ ಹಾಕುತ್ತೇವೆ ಎಂದು ಫ್ಯಾಕ್ಟರಿಯಲ್ಲಿ ಹೇಳಿದ್ದರಂತೆ. ದಿನವಿಡೀ ನಿಂತು ದಾರದ ತುದಿ ಕತ್ತರಿಸುವುದು ತಪ್ಪುತ್ತಿತ್ತು. ಗಂಡ ಮಾತ್ರ ಇದೇ ಕೊನೆಯ ಸಲ ಅಂದುಬಿಟ್ಟಿದ್ದ.

ಒಟ್ಟಿಗೆ ಓದಿಕೊಳ್ಳಿ ಎಂದು ಅಮ್ಮ ನಮ್ಮಿಬ್ಬರನ್ನೂ ಕೂರಿಸಿದಳು. ಒಳ್ಳೆಯ ಜೋಡಿ! ಒಬ್ಬಳು ಪುಕ್ಕಲಿ, ಇನ್ನೊಬ್ಬಳು ಅವಳಿಗಿಂತ ಪುಕ್ಕಲಿ. ನಕ್ಷೆಯ ಪ್ರಶ್ನೆ ಬಂದೇ ಬರುತ್ತದೆ, ಅದನ್ನು ಬಿಟ್ಟವರು ಪಾಸಾಗುವ ಆಸೆಯನ್ನೂ ಬಿಡಿ ಎಂದು ಮೇಷ್ಟ್ರು ಬೇರೆ ಹೆದರಿಸಿದ್ದರು. y = x². x ಗೆ ಒಂದೊಂದೇ ಬೆಲೆ ಕೊಡಬೇಕು, ಸಿಕ್ಕ y ಗೆ ಚುಕ್ಕಿ ಇಡಬೇಕು, ಚುಕ್ಕಿಗಳನ್ನು ಬಾಗುಗೆರೆಯಿಂದ ಸೇರಿಸಬೇಕು. ನನ್ನ ಲೆಕ್ಕ ಸರಿಯಿರುತ್ತಿತ್ತು, ಕೈ ನಡುಗುತ್ತಿತ್ತು. ಸ್ಕೇಲಿಟ್ಟು ಗೆರೆ ಎಳೆದು ಬೈಸಿಕೊಂಡಿದ್ದೆ. ಅಕ್ಕನ ಗೆರೆಯೋ ಒಂದೇ ಎಳೆತಕ್ಕೆ ನುಣ್ಣಗೆ ಬರುತ್ತಿತ್ತು. ಭಾನುವಾರಗಳಲ್ಲಿ ವಠಾರದ ಹೆಂಗಸರ ರವಿಕೆ ಕತ್ತರಿಸುತ್ತಿದ್ದ ಕೈ ಅದು. ಆದರೆ ಮೈನಸ್ ಎರಡರ ವರ್ಗ ಮೈನಸ್ ನಾಲ್ಕು ಎಂದೇ ಬರೆಯುತ್ತಿದ್ದಳು. ಹಾಗಾಗಿ ನಕ್ಷೆಯ ಬಲಗಾಲು ಮೇಲಕ್ಕೆ, ಎಡಗಾಲು ಪಾತಾಳಕ್ಕೆ. ಅಷ್ಟು ಚೆಂದದ ತಪ್ಪನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಮೈನಸ್ಸಿಗೆ ಮೈನಸ್ ಗುಣಿಸಿದರೆ ಪ್ಲಸ್ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಅವಳು ತಲೆಯಾಡಿಸಿ ಮತ್ತೆ ಅದನ್ನೇ ಬರೆಯುತ್ತಿದ್ದಳು. ಪರೀಕ್ಷೆ ಹತ್ತಿರವಾದಂತೆ ಇಬ್ಬರಿಗೂ ಊಟ ಸೇರದಾಯಿತು.

ಒಂದು ಭಾನುವಾರ ರವಿಕೆಯ ಬಟ್ಟೆಯನ್ನು ನಡುಮಧ್ಯೆ ಮಡಚಿ, ಕೊರಳಿನ ಅರ್ಧಕ್ಕೆ ಗುರುತು ಹಾಕುತ್ತಿದ್ದವಳು ತಟ್ಟನೆ ಕೈ ನಿಲ್ಲಿಸಿದಳು. ನನ್ನ ಗ್ರಾಫ್ ಹಾಳೆ ಎಳೆದುಕೊಂಡು ಅದನ್ನೂ ಹಾಗೆಯೇ y ಅಕ್ಷದ ಮೇಲೆ ಮಡಚಿ, ಬಾಗಿಲ ಬೆಳಕಿಗೆ ಹಿಡಿದಳು. ಎರಡು ಕಾಲೂ ಒಂದರ ಮೇಲೊಂದು ಕೂತಿದ್ದವು.

"ಸೊನ್ನಿಯಿಂದ ಎರಡು ಮನಿ ಎಡಕ್ಕ ಹೋದ್ರೂ ಬಲಕ್ಕ ಹೋದ್ರೂ ಎತ್ತರ ಒಂದ. ಹೌದಿಲ್ಲ ತಂಗಿ?" ಅಂದಳು.

ಮೇಷ್ಟ್ರು ಸಮಮಿತಿ ಎಂದು ಬಾಯಿಪಾಠ ಮಾಡಿಸಿದ್ದು ನನಗೂ ಅರ್ಥವಾದದ್ದು ಆಗಲೇ. ಆಮೇಲೆ ಅವಳ ಎಡಗಾಲು ಕೆಳಗಿಳಿಯಲಿಲ್ಲ. ಅದೇ ನೀಲಿ ಚಾಕ್‌ಪೀಸು ಕೊಟ್ಟು, ನನ್ನ ಕೈ ಹಿಡಿದು, ನಡುಕ ಹೋಗುವ ತನಕ ಸಿಮೆಂಟು ನೆಲದ ಮೇಲೆ ಬಾಗುಗೆರೆ ಎಳೆಸಿದಳು.

ಇಬ್ಬರಿಗೂ ಒಂದೇ ಪರೀಕ್ಷಾ ಕೇಂದ್ರ, ಕೋಣೆ ಬೇರೆ ಬೇರೆ. ಮುಗಿಸಿ ಬಂದಾಗ ಗೇಟಿನ ಬಳಿ ನಿಂತಿದ್ದಳು. ನಕ್ಷೆ ಬಂದಿತ್ತು, ಎರಡೂ ಕಾಲು ಮೇಲೇ ಹೋದವು ಅಂದಳು. ಮುಖದಲ್ಲಿ ಮಾತ್ರ ಗೆಲುವಿರಲಿಲ್ಲ. ಉಳಿದ ಲೆಕ್ಕಗಳ ಮೇಲೆ ನಂಬಿಕೆಯಿರಲಿಲ್ಲ. ದಾರಿಯುದ್ದಕ್ಕೂ ತನ್ನ ಪರೀಕ್ಷೆಯ ನಂಬರನ್ನು ನನಗೆ ಬಾಯಿಪಾಠ ಮಾಡಿಸಿದಳು.

"ರಿಸಲ್ಟ್ ನೀನ ನೋಡವಾ. ನನಗ ಇನ್ನ ನೋಡೂ ಧೈರ್ಯ ಇಲ್ಲ. ಪಾಸಾದ್ರ ಬಂದು ಹೇಳು. ಇಲ್ಲಾಂದ್ರ ಸುಮ್ಮನಿದ್ದುಬಿಡು, ನನಗ ತಿಳೀತದ."

ರಜೆಗೆ ಸಿಂಗಸಂದ್ರದ ಚಿಕ್ಕಮ್ಮನ ಮನೆಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಪಕ್ಕದ ಕೋಣೆಗೆ ಬೀಗ. ಗಂಡನ ಮೇಸ್ತ್ರಿ ಬೇರೆ ಕಡೆ ಕೆಲಸ ಹಿಡಿದನಂತೆ, ಒಂದು ಬೆಳಿಗ್ಗೆ ಟೆಂಪೊಗೆ ಸಾಮಾನು ಹಾಕಿಕೊಂಡು ಹೋದರಂತೆ. ಅತ್ತಿಬೆಲೆ ಆಚೆ ಎಲ್ಲೋ ಅನ್ನುವುದಷ್ಟೇ ಅಮ್ಮನಿಗೆ ಗೊತ್ತಿತ್ತು; ಸರಿಯಾದ ಜಾಗ ಹೊರಡುವಾಗ ಅವರಿಗೂ ಗೊತ್ತಿರಲಿಲ್ಲವಂತೆ. ನನಗೆ ಕೊಡಲು ಹೇಳಿ ಅಕ್ಕ ಚಾಕ್‌ಪೀಸು ಬಿಟ್ಟುಹೋಗಿದ್ದಳು. ಅವರ ಬಳಿ ಫೋನಿರಲಿಲ್ಲ.

ಫಲಿತಾಂಶದ ದಿನ ಬ್ರೌಸಿಂಗ್ ಸೆಂಟರಿನಲ್ಲಿ ನನ್ನದಕ್ಕಿಂತ ಮೊದಲು ಅವಳ ನಂಬರು ಹಾಕಿಸಿದೆ. ಪಾಸು. ಆಮೇಲೆ ನನ್ನದು. ಅದೂ ಪಾಸು. ಸಂಜೆ ಅಮ್ಮನನ್ನು ಎಳೆದುಕೊಂಡು ಫ್ಯಾಕ್ಟರಿ ಗೇಟಿಗೆ ಹೋದೆ. ಕೆಲಸ ಬಿಟ್ಟಳು, ಎಲ್ಲಿದ್ದಾಳೋ ಗೊತ್ತಿಲ್ಲ ಅಂದರು ಹೊರಬರುತ್ತಿದ್ದ ಹೆಂಗಸರು. ಅಪ್ಪನನ್ನು ಕಾಡಿ ಅತ್ತಿಬೆಲೆಗೂ ಹೋಗಿ ಬಂದೆ. ಎತ್ತ ನೋಡಿದರೂ ಏಳುತ್ತಿರುವ ಕಟ್ಟಡಗಳು, ಯಾವುದರ ಮುಂದೆ ನಿಂತು ಕೇಳುವುದು...

ಇತ್ತ ರಬ್ಬರಿಗೆ ಕಾದಿದ್ದ ಮಗಳು ಗ್ರಾಫಿನ ಚುಕ್ಕಿಗಳನ್ನು ಸ್ಕೇಲಿಟ್ಟು ಸೇರಿಸುತ್ತಿದ್ದಳು. ಹಾಳೆ ಮಡಚಿ ಬೆಳಕಿಗೆ ಹಿಡಿದು ತೋರಿಸಿದೆ. ಯಾರು ಹೇಳಿಕೊಟ್ಟಿದ್ದಮ್ಮ ಎಂದು ಕೇಳಿದಳು. ಚಾಕ್‌ಪೀಸಿನ ಚೂರನ್ನು ಅವಳ ಅಂಗೈಗಿಟ್ಟೆ. ಆ ನಂಬರು ಇವತ್ತಿಗೂ ನನಗೆ ಬಾಯಿಪಾಠ. ಅಕ್ಕ ಎಷ್ಟು ದಿನ ನನ್ನ ದಾರಿ ಕಾದಳೋ ಗೊತ್ತಿಲ್ಲ. ನಾನು ಬರಲಿಲ್ಲ. ಬರದಿದ್ದರೆ ಏನರ್ಥ ಎಂದು ಅವಳೇ ಹೇಳಿದ್ದಳು.